ತಳವಾರ ಹೋದ, ಕ್ಯಾಮೆರಾ ಬಂತು

ರಾಮದುರ್ಗ ತಾಲೂಕಿನ ಸಾಲಹಳ್ಳಿ ಕಡೆಯ ವೀಕ್ಷಕರೊಬ್ಬರು ಕೇಳಿದ ಪ್ರಶ್ನೆ ಇದು. "ಸರ್, ನಾವು ಕೆಲಸಕ್ಕಂತ ಪುಣೆದಾಗ ಅದೀವಿ. ಊರಾಗ ಅವ್ವ ಅಪ್ಪ ಇಬ್ಬರ ಇರ್ತಾರ. ವೈರ್‌ಲೆಸ್ ಕ್ಯಾಮೆರಾ ಹಾಕಸ್ಬೇಕಂತ ಮಾಡೀನಿ. ಯಾವುದು ಚಲೋ?"

ಕಂಪನಿ ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇದೆ. ನಿನ್ನೆ ಮೊನ್ನೆವರೆಗೂ ಆ ಊರಲ್ಲಿ ಕ್ಯಾಮೆರಾ ಇರಲಿಲ್ಲ. ಹಾಗಾದರೆ ನೂರಾರು ವರ್ಷ ಆ ಮನೆಗಳನ್ನು ಕಾಯ್ದವರು ಯಾರು? ಹೇಗೆ ಕಾಯ್ದರು? ಆ ಕಾವಲು ಯಾಕೆ ಹೋಯಿತು? ಇದು ಗೊತ್ತಾದರೆ ಯಾವ ಕ್ಯಾಮೆರಾ ತಗೋಬೇಕು ಅನ್ನೋದು ತಾನಾಗಿಯೇ ಗೊತ್ತಾಗುತ್ತೆ.

ನಮ್ಮ ಉತ್ತರ ಕರ್ನಾಟಕದ ಹಳೆ ಊರುಗಳನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಊರಿಗೆ ಅಗಸಿ ಇರುತ್ತಿತ್ತು. ಕತ್ತಲಾದ ಮೇಲೆ ಅಗಸಿ ಬಾಗಿಲು ಮುಚ್ಚುತ್ತಿತ್ತು. ಕೆಲವು ಊರುಗಳಲ್ಲಿ ದುಂಡನೆಯ ಹುಡೇವು, ಮೇಲೆ ನಿಂತರೆ ಸುತ್ತಲ ಸೀಮೆಯೆಲ್ಲ ಕಾಣಬೇಕು. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಹಾಕಿದರೆ ಹೊರಗಿನವನಿಗೆ ಎಲ್ಲಿದೆ ಅಂತಲೇ ತಿಳಿಯದು. ಇದೆಲ್ಲ ಗೋಡೆ, ಬಾಗಿಲು, ಕುಣಿ. ಇದಕ್ಕೆ ಜೀವ ಕೊಡುತ್ತಿದ್ದವನು ಮನುಷ್ಯ. ತಳವಾರ, ವಾಲೀಕಾರ, ಓಲೆಕಾರ. ಹೆಸರು ಊರಿಂದ ಊರಿಗೆ ಬೇರೆ, ಕೆಲಸ ಒಂದೇ.

ಆ ಕೆಲಸ ಎಂಥದ್ದು ಅನ್ನೋದಕ್ಕೆ ಒಂದು ಒಳ್ಳೆಯ ದಾಖಲೆ ಇದೆ. 1818ರಲ್ಲಿ ಪೇಶ್ವೆಯ ರಾಜ್ಯ ಕಂಪನಿ ಸರ್ಕಾರದ ಕೈಗೆ ಬಂತು. ಆ ಸೀಮೆಯ ಆಡಳಿತ ಹೇಗಿತ್ತು ಎಂದು ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ದೊಡ್ಡ ವರದಿ ಬರೆದ. ಅದರಲ್ಲಿ ಊರ ಕಾವಲುಗಾರನ ಬಗ್ಗೆ ಅವನು ವಿವರವಾಗಿ ಹೇಳುತ್ತಾನೆ. ಕಾವಲುಗಾರನಿಗೆ ಊರಿನ ಪ್ರತಿಯೊಬ್ಬನ ನಡತೆ ಗೊತ್ತಿರಬೇಕು. ರಾತ್ರಿ ಯಾರು ಬಂದರು, ಯಾರು ಹೋದರು ಎಂಬ ನಿಗಾ ಇರಬೇಕು. ಕಳವಾದರೆ ಕಳ್ಳನ ಹೆಜ್ಜೆ ಹಿಡಿದು ಹೋಗಬೇಕು. ಹೆಜ್ಜೆ ಪಕ್ಕದ ಊರಿನ ಸೀಮೆ ದಾಟಿದರೆ ಆ ಊರಿನ ಕಾವಲುಗಾರನನ್ನು ಕರೆದು, ಹೆಜ್ಜೆ ತೋರಿಸಿ, ಜವಾಬ್ದಾರಿ ಒಪ್ಪಿಸಬೇಕು. ಹೀಗೆ ಹೆಜ್ಜೆ ಕೊನೆಗೆ ಯಾವ ಊರಲ್ಲಿ ನಿಂತಿತೋ ಆ ಊರು ಕಳ್ಳನನ್ನು ತಂದು ನಿಲ್ಲಿಸಬೇಕು, ಇಲ್ಲವೇ ಹಾನಿಗೆ ಉತ್ತರ ಹೇಳಬೇಕು.

ಇದರಲ್ಲಿ ಮೂರು ಕೆಲಸ ಇವೆ, ಗಮನಿಸಿ. ನೋಡುವುದು. ನೋಡಿದ್ದನ್ನು ಗುರುತಿಡುವುದು. ಗುರುತಿಟ್ಟ ಮೇಲೆ ಎದ್ದು ಹೋಗುವುದು. ಇವತ್ತು ನಾವು ಕ್ಯಾಮೆರಾಕ್ಕೆ ದುಡ್ಡು ಕೊಡುವಾಗ ಮೂರೂ ಸಿಗುತ್ತೆ ಅಂದ್ಕೊಂಡಿರ್ತೀವಿ. ಸಿಗುವುದು ಎರಡು. ಮೂರನೆಯದು ಡಬ್ಬಿಯಲ್ಲಿ ಬರೋದಿಲ್ಲ.

ಇನ್ನು ಸಂಬಳದ ಮಾತು. ಕಿತ್ತೂರು ಸೀಮೆಯಲ್ಲಿ ಕಾವಲಿಗೆ ಭೂಮಿ ಕೊಡುತ್ತಿದ್ದರು. ಭೂಮಿಯ ಸನದು ಪಡೆದು ಊರು ಕಾಯುವವನು ಶೇತಸನದಿ. ನಮ್ಮ ಸಂಗೊಳ್ಳಿ ರಾಯಣ್ಣ ಅಂಥ ಶೇತಸನದಿ ಮನೆತನದವನು. ನಾವು ಅವನನ್ನು ಕುದುರೆ ಮೇಲೆ, ಕತ್ತಿ ಹಿರಿದ ಪ್ರತಿಮೆಯಾಗಿ ನೋಡಿ ರೂಢಿ. ಆದರೆ ಅವನ ಮೂಲ ಕಸುಬು ಊರ ಕಾವಲು. ಕಂಪನಿ ಸರ್ಕಾರ ಬಂದ ಮೇಲೆ ಅವನ ಭೂಮಿಯಲ್ಲಿ ಅರ್ಧ ಕಸಿದುಕೊಂಡು, ಉಳಿದದ್ದಕ್ಕೆ ಹೆಚ್ಚಿನ ಕಂದಾಯ ಹೇರಿತು. ಕಾವಲುಗಾರನ ಅನ್ನಕ್ಕೇ ಕೈ ಹಾಕಿದರೆ ಏನಾಗುತ್ತೆ? 1830ರಲ್ಲಿ ಬೀಡಿಯ ಕಚೇರಿಗೆ ಬೆಂಕಿ ಬಿತ್ತು. ಅದೇ ವರ್ಷ ಅವನು ಮೋಸದಿಂದ ಸೆರೆಯಾದ. 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದ.

ಇದಕ್ಕೂ ಮೊದಲಿನ ಒಂದು ಘಟನೆ ಇನ್ನೂ ಮುಖ್ಯ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜ ತೀರಿಕೊಂಡ. ದತ್ತಕ ಒಪ್ಪದ ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾಡಿದ ಮೊದಲ ಕೆಲಸ ಏನು? ಕಿತ್ತೂರಿನ ಬೊಕ್ಕಸಕ್ಕೆ ಮೊಹರು ಹಾಕಿ, ತನ್ನ ಕಡೆಯ ಕಾವಲು ಇಟ್ಟ. ರಕ್ಷಣೆಗೇ ಇಟ್ಟದ್ದು ಅಂತ ಅವನು ಹೇಳಬಹುದಿತ್ತು. ಆದರೆ ಮನೆಯ ತಿಜೋರಿ ಮುಂದೆ ಪರರ ಕಾವಲು ನಿಂತರೆ, ಮನೆ ಯಾರದ್ದು? ರಾಣಿ ಚೆನ್ನಮ್ಮನಿಗೆ ಅದು ತಕ್ಷಣ ಅರ್ಥ ಆಯ್ತು. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಮುಂದೆ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದಲ್ಲಿ ಪರರ ಕಾವಲಿನಲ್ಲೇ ಉಳಿದು, 1829ರಲ್ಲಿ ತೀರಿಕೊಂಡಳು. ಕಾವಲು ಯಾರ ಅಧೀನದಲ್ಲಿದೆ ಅನ್ನೋ ಪ್ರಶ್ನೆಯನ್ನು ಈ ಸೀಮೆಗೆ ಬೇರೆಯವರು ಕಲಿಸಬೇಕಾಗಿಲ್ಲ.

ಇನ್ನೊಂದು ಪಾಠ ರಾಮದುರ್ಗದ್ದೇ. 1858ರ ಮೇ ತಿಂಗಳು. ನರಗುಂದದ ಬಾಬಾಸಾಹೇಬ ಬಂಡೆದ್ದಿದ್ದ. ಬ್ರಿಟಿಷರ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸಣ್ಣ ಪಡೆಯೊಂದಿಗೆ ಅತ್ತ ಹೊರಟ. ದಾರಿಯಲ್ಲಿ ರಾಮದುರ್ಗದ ಸಂಸ್ಥಾನಿಕ ಎಚ್ಚರಿಸಿದ್ದ. ಅವನು ಬಾಬಾಸಾಹೇಬನ ಭಾವೆ ಮನೆತನದವನೇ, ಒಳಗಿನ ಸುದ್ದಿ ಬಲ್ಲವನು. ಮ್ಯಾನ್ಸನ್ ಕೇಳಲಿಲ್ಲ. ಸುರೇಬಾನದಲ್ಲಿ ರಾತ್ರಿ ತಂಗಿದ. ದಣಿದ ಪಡೆ ಮಲಗಿತ್ತು. ಮೇ 29ರ ಆ ರಾತ್ರಿ ನರಗುಂದದವರು ಮೇಲೆ ಬಿದ್ದರು. ಮ್ಯಾನ್ಸನ್ ಕಥೆ ಅಲ್ಲಿಗೆ ಮುಗಿಯಿತು. ನಮಗೆ ಬಾಬಾಸಾಹೇಬ ವೀರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾವಲಿನ ಪಾಠ ಇರುವುದು ಸೋತವನ ಕಡೆ. ಸೂಚನೆ ಬಂದಿತ್ತು. ಸರಿಯಾದವನಿಂದ, ಸರಿಯಾದ ಹೊತ್ತಿಗೇ ಬಂದಿತ್ತು. ಅದರ ಮೇಲೆ ಯಾರೂ ಏನೂ ಮಾಡಲಿಲ್ಲ. ಇವತ್ತು ನಿಮ್ಮ ಫೋನಿನಲ್ಲಿ ದಿನಕ್ಕೆ ನೂರು ಸಲ 'ಚಲನೆ ಕಂಡಿದೆ' ಅಂತ ಬರೋ ಸಂದೇಶವನ್ನು ನೀವು ಬೆರಳಲ್ಲಿ ಒರೆಸಿ ಹಾಕ್ತೀರಲ್ಲ, ಅದೇ ಇದು.

ಆಮೇಲೆ ಏನಾಯ್ತು? 1867ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಗ್ರಾಮ ಪೊಲೀಸ್ ಕಾಯ್ದೆ ಬಂತು. ಊರಿನ ಕಾವಲು ಪೊಲೀಸ್ ಪಾಟೀಲನ ಕೆಳಗೆ, ಅವನು ಸರ್ಕಾರದ ಕೆಳಗೆ. ಏಕೀಕರಣದ ನಂತರ ಕರ್ನಾಟಕ ಗ್ರಾಮ ಕಚೇರಿಗಳ ರದ್ಧತಿ ಕಾಯ್ದೆ, 1961. ಅದು 1963ರಲ್ಲಿ ಜಾರಿಗೆ ಬಂದಾಗ ವಂಶಪಾರಂಪರ್ಯದ ಗೌಡಿಕೆ, ಕುಲಕರ್ಣಿಕೆಗಳ ಜೊತೆಗೆ ಈ ಕೆಳಹಂತದ ಕಾವಲು ಕೆಲಸಗಳೂ ಮುಗಿದವು. ಇದಕ್ಕೆ ಕಣ್ಣೀರು ಹಾಕಬೇಕಾಗಿಲ್ಲ. ಹುಟ್ಟಿನಿಂದ ಒಬ್ಬನ ತಲೆಗೆ ರಾತ್ರಿ ನಿದ್ದೆಗೆಡುವ ಕೆಲಸ ಕಟ್ಟುವುದು ನ್ಯಾಯ ಅಲ್ಲ. ಆದರೆ ಅವನು ಹೋದ ಜಾಗಕ್ಕೆ ಬೇರೆ ಯಾರೂ ಬರಲಿಲ್ಲ ಅನ್ನೋದೂ ನಿಜ. ಆಮೇಲೆ ಮಕ್ಕಳು ಪುಣೆಗೆ, ಬೆಂಗಳೂರಿಗೆ ಹೋದರು. ಕಟ್ಟೆ ಮೇಲೆ ಕೂತು ಬಂದವರನ್ನೆಲ್ಲ "ಯಾವೂರಪಾ ನಿಂದು?" ಅಂತ ಕೇಳುತ್ತಿದ್ದ ಹಿರಿಯರೂ ಕಡಿಮೆಯಾದರು. ಕ್ಯಾಮೆರಾ ಬಂದಿರುವುದು ಈ ಖಾಲಿ ಜಾಗಕ್ಕೆ.

ಕ್ಯಾಮೆರಾದ ಕಥೆ ಏನು? ಅದು ಹುಟ್ಟಿದ್ದು ಯುದ್ಧದಲ್ಲಿ. 1942ರಲ್ಲಿ ಜರ್ಮನಿಯ ಪೀನೆಮ್ಯುಂಡೆಯಲ್ಲಿ ವಿ-2 ರಾಕೆಟ್ ಹಾರಿಸುವಾಗ, ದೂರದಲ್ಲಿ ಸುರಕ್ಷಿತವಾಗಿ ಕೂತು ನೋಡಲು ವಾಲ್ಟರ್ ಬ್ರುಖ್ ಎಂಬ ಎಂಜಿನಿಯರ್ ಮುಚ್ಚಿದ ಜಾಲದ ಟಿವಿ ಕೂಡಿಸಿದ. ಮನೆಗೆ ಅದನ್ನು ತಂದವಳು ಒಬ್ಬ ನರ್ಸ್. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್. ಹೊತ್ತಲ್ಲದ ಹೊತ್ತಿನ ಪಾಳಿ, ಮನೆಯಲ್ಲಿ ಒಬ್ಬಳೇ, ಕರೆದರೆ ಪೊಲೀಸರು ಬೇಗ ಬರುತ್ತಿರಲಿಲ್ಲ. ಗಂಡ ಆಲ್ಬರ್ಟ್ ಎಲೆಕ್ಟ್ರಾನಿಕ್ಸ್ ಬಲ್ಲವನು. ಇಬ್ಬರೂ ಸೇರಿ ಬಾಗಿಲಲ್ಲಿ ಒಂದರ ಕೆಳಗೊಂದು ಕಿಂಡಿ ಮಾಡಿ, ಅದರ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ ಇಟ್ಟು, ಮಲಗುವ ಕೋಣೆಯ ಪರದೆಯಲ್ಲಿ ಬಂದವರ ಮುಖ ನೋಡುವ ಯಂತ್ರ ಮಾಡಿದರು. 1966ರಲ್ಲಿ ಅರ್ಜಿ, 1969ರಲ್ಲಿ ಪೇಟೆಂಟ್. ಆಕೆಯ ಯಂತ್ರದಲ್ಲಿ ಮಾತಾಡಲು ಮೈಕ್ ಇತ್ತು, ಕೂತಲ್ಲಿಂದ ಬಾಗಿಲು ತೆಗೆಯುವ ಗುಂಡಿ ಇತ್ತು, ಸಹಾಯ ಕರೆಯುವ ಗುಂಡಿಯೂ ಇತ್ತು. ಮೂರನೇ ಕೆಲಸ, ಅಂದರೆ ಯಾರಾದರೂ ಎದ್ದು ಬರಬೇಕು ಅನ್ನೋದನ್ನು ಆಕೆ ಮರೆತಿರಲಿಲ್ಲ.

1993ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ತಮ್ಮ ಕಾಫಿ ಪಾತ್ರೆ ತುಂಬಿದೆಯೋ ಇಲ್ಲವೋ ನೋಡಲು ಇಟ್ಟಿದ್ದ ಕ್ಯಾಮೆರಾವನ್ನು ಅಂತರ್ಜಾಲಕ್ಕೆ ಹಾಕಿದರು. 1996ರಲ್ಲಿ ಸ್ವೀಡನ್ನಿನ ಆಕ್ಸಿಸ್ ಕಂಪನಿ ನೆಟ್‌ವರ್ಕಿಗೆ ನೇರ ಜೋಡಿಸುವ ಕ್ಯಾಮೆರಾ ಮಾರಿತು. 1997ರಲ್ಲಿ ವೈ-ಫೈಯ ಮೂಲ ಮಾನದಂಡ ಬಂತು. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ತರಂಗಾಂತರ ಬಳಸಲು ಲೈಸೆನ್ಸ್ ಬೇಡ ಎಂದದ್ದು 2005ರಲ್ಲಿ. ಆ ಒಂದು ಆದೇಶ ಇಲ್ಲದಿದ್ದರೆ ಸಾಲಹಳ್ಳಿಯ ಮನೆಯಲ್ಲಿ ವೈರ್‌ಲೆಸ್ ಕ್ಯಾಮೆರಾ ಅನ್ನೋ ಮಾತೇ ಇರುತ್ತಿರಲಿಲ್ಲ.

ಈಗ ಟಿವಿಯವನಾಗಿ ನಾನು ಹೇಳಲೇಬೇಕಾದ ಮಾತು. 2013ರ ನವೆಂಬರ್ 19. ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಬಳಿಯ ಎಟಿಎಂನಲ್ಲಿ ಮಹಿಳೆಯೊಬ್ಬರ ಮೇಲೆ ಮಚ್ಚಿನ ದಾಳಿ. ಆ ದೃಶ್ಯವನ್ನು ದೇಶವೆಲ್ಲ ನೋಡಿತು, ಚಾನೆಲ್‌ಗಳು ತೋರಿಸಿದ್ದೇ ತೋರಿಸಿದ್ದು. ಮುಖ ಇತ್ತು, ಬಟ್ಟೆ ಇತ್ತು, ಚೀಲ ಇತ್ತು. ಆದರೆ ಆರೋಪಿ ಸಿಕ್ಕಿದ್ದು 2017ರಲ್ಲಿ. ಮೂರು ವರ್ಷಕ್ಕೂ ಹೆಚ್ಚು! ಅಲ್ಲಿ ಕ್ಯಾಮೆರಾ ಇತ್ತು, ಕಾವಲುಗಾರ ಇರಲಿಲ್ಲ.

2017ರ ಸೆಪ್ಟೆಂಬರ್ 5. ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ರಾಜರಾಜೇಶ್ವರಿ ನಗರದ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಮನೆಗೆ ಕ್ಯಾಮೆರಾ ಇತ್ತು. ದೃಶ್ಯವೂ ಸಿಕ್ಕಿತು. ಆದರೆ ಗುಂಡು ಹಾರಿಸಿದವನ ತಲೆ ಮೇಲೆ ಹೆಲ್ಮೆಟ್. ಮುಖ ಕಾಣದ ಕಾರಣ ತನಿಖಾ ತಂಡ ಆ ವ್ಯಕ್ತಿಯ ನಡಿಗೆಯ ವೈಜ್ಞಾನಿಕ ಪರೀಕ್ಷೆಗೆ ಹೋಗಬೇಕಾಯಿತು. ಎಲ್ಫಿನ್‌ಸ್ಟನ್ ಬರೆದ ಆ ಕಾವಲುಗಾರ ಹುಡಿಯಲ್ಲಿ ಹೆಜ್ಜೆ ಓದುತ್ತಿದ್ದ. ಇನ್ನೂರು ವರ್ಷ ಆದ ಮೇಲೆ ಪ್ರಯೋಗಾಲಯ ಪರದೆಯಲ್ಲಿ ಹೆಜ್ಜೆ ಓದಿತು. ಕ್ಯಾಮೆರಾ ಒಳ್ಳೆಯ ಸಾಕ್ಷಿ. ಕಾವಲುಗಾರ ಅಲ್ಲ. ಇದನ್ನು ಒಪ್ಪಿಕೊಂಡು ಖರೀದಿಗೆ ಹೋಗಿ.

ಸರಿ, ಈಗ ಖರೀದಿ. ಮೊದಲನೆಯದು ಥ್ಯಾಕರೆಯ ಮೊಹರಿನ ಪ್ರಶ್ನೆ: ದೃಶ್ಯ ಯಾರ ಹತ್ತಿರ ಇರುತ್ತೆ? ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡಿನಲ್ಲೋ, ಮನೆಯ ರೆಕಾರ್ಡರ್ ಡಬ್ಬಿಯಲ್ಲೋ, ಕಂಪನಿಯ ಕ್ಲೌಡಿನಲ್ಲೋ? ಕ್ಲೌಡ್ ಅಂದರೆ ಮೋಡ ಅಲ್ಲ, ಬೇರೆಯವರ ಕಂಪ್ಯೂಟರ್. ತಿಂಗಳ ಬಾಡಿಗೆ ನಿಂತರೆ ನಿಮ್ಮ ಮನೆಯ ದೃಶ್ಯ ನಿಮಗೇ ಸಿಗದ ಕ್ಯಾಮೆರಾ ಬೇಡ. ಕಾರ್ಡ್ ಹಾಕಲು ಬರಬೇಕು, ಇಂಟರ್ನೆಟ್ ಹೋದರೂ ರೆಕಾರ್ಡ್ ಆಗಬೇಕು. ಆದರೆ ಕ್ಯಾಮೆರಾವನ್ನೇ ಕಿತ್ತೊಯ್ದರೆ ಕಾರ್ಡೂ ಹೋಗುತ್ತೆ. ಆದ್ದರಿಂದ ಕೈಗೆಟುಕುವ ಜಾಗದಲ್ಲಿ ಹಾಕುವುದಾದರೆ ಒಳಗೊಂದು ರೆಕಾರ್ಡರ್ ಇರಲಿ. ಬೇರೆ ಬೇರೆ ಕಂಪನಿಯ ಕ್ಯಾಮೆರಾ, ರೆಕಾರ್ಡರ್ ಒಂದಕ್ಕೊಂದು ಮಾತಾಡಲು ಓನ್‌ವಿಫ್ ಎಂಬ ಮಾನದಂಡ 2008ರಿಂದ ಇದೆ. ಡಬ್ಬಿ ಮೇಲೆ ಆ ಹೆಸರು ಇದೆಯಾ ನೋಡಿ.

ಎರಡನೆಯದು ಲೆಕ್ಕ. ಎಂಜಿನಿಯರಿಂಗ್ ಓದಿದ್ದು ಇಲ್ಲಿ ಉಪಯೋಗಕ್ಕೆ ಬರ್ತಿದೆ. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾ ಸೆಕೆಂಡಿಗೆ ಸುಮಾರು 1 ಮೆಗಾಬಿಟ್ ಬರೆಯುತ್ತೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 86,400 ಸೆಕೆಂಡು. ಎಂಟರಿಂದ ಭಾಗಿಸಿದರೆ 10,800 ಮೆಗಾಬೈಟ್, ಅಂದರೆ ಹೆಚ್ಚುಕಡಿಮೆ 11 ಜಿಬಿ. 128 ಜಿಬಿ ಕಾರ್ಡ್ ಹನ್ನೊಂದು ದಿನಕ್ಕೆ ತುಂಬಿ, ಹಳೆಯದರ ಮೇಲೆ ಹೊಸದು ಬರೆಯುತ್ತೆ. ಯಲ್ಲಮ್ಮನ ಗುಡ್ಡಕ್ಕೋ ಮಗನ ಮನೆಗೋ ಹೋಗಿ ಹದಿನೈದು ದಿನ ಬಿಟ್ಟು ಬಂದರೆ ಮೊದಲ ದಿನದ ದೃಶ್ಯ ಇರೋದಿಲ್ಲ. ಮೊಬೈಲ್ ಸಿಮ್ ಹಾಕುವ ಕ್ಯಾಮೆರಾ ತಗೊಂಡು ದಿನಕ್ಕೆ 2 ಜಿಬಿ ಪ್ಲಾನ್ ಹಾಕಿಸಿದರೆ, ಪುಣೆಯಲ್ಲಿ ಕೂತು ಬಿಡದೆ ನೋಡಲು ಸಿಗುವುದು ನಾಲ್ಕೂವರೆ ಗಂಟೆಗಿಂತ ಕಡಿಮೆ. ಹಾಗಾಗಿ ಚಲನೆ ಇದ್ದಾಗ ಮಾತ್ರ ಕಳಿಸುವ ವ್ಯವಸ್ಥೆ ಬೇಕು. ಅದೂ ಮೈ ಬಿಸಿ ಗುರುತಿಸುವ ಸೆನ್ಸರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಬೇವಿನ ಟೊಂಗೆ ಅಲುಗಾಡಿದ್ದಕ್ಕೆಲ್ಲ ಫೋನ್ ಬಡಿದುಕೊಳ್ಳುತ್ತೆ. ಮ್ಯಾನ್ಸನ್ ಥರ ನೀವೂ ಎಚ್ಚರಿಕೆ ಕೇಳೋದು ಬಿಡ್ತೀರಿ.

ಮೂರನೆಯದು, 'ವೈರ್‌ಲೆಸ್' ಅನ್ನೋ ಮಾತಿನ ಮೋಸ. ದೃಶ್ಯಕ್ಕೆ ವೈರ್ ಇಲ್ಲ, ಕರೆಂಟಿಗೆ ಬೇಕೇ ಬೇಕು. ಕರೆಂಟ್ ಹೋದಾಗ ಕ್ಯಾಮೆರಾ ಜೊತೆಗೆ ವೈ-ಫೈ ಡಬ್ಬಿಯೂ ಮಲಗುತ್ತೆ. ಎರಡಕ್ಕೂ ಸಣ್ಣ ಯುಪಿಎಸ್ ಹಾಕಿ. ತೋಟದ ಮನೆಗಾದರೆ ಬ್ಯಾಟರಿ ಮತ್ತು ಸೋಲಾರ್ ತಟ್ಟೆ ಇರುವುದು ಸರಿ. ನಮ್ಮ ಮೇಲ್ಮುದ್ದೆ ಮನೆಗಳ ಕಲ್ಲು ಮಣ್ಣಿನ ದಪ್ಪ ಗೋಡೆ ಬೇಸಿಗೆಯಲ್ಲಿ ತಂಪು, ವೈ-ಫೈಗೆ ಶತ್ರು. 5 ಗಿಗಾಹರ್ಟ್ಸ್‌ಗಿಂತ 2.4 ಗಿಗಾಹರ್ಟ್ಸ್ ಇಂಥ ಗೋಡೆ ದಾಟುವುದರಲ್ಲಿ ಮೇಲು. ಮೊಳೆ ಹೊಡೆಯುವ ಮೊದಲು ಆ ಜಾಗದಲ್ಲಿ ಫೋನ್ ಹಿಡಿದು ನಿಂತು ಸಿಗ್ನಲ್ ನೋಡಿ. ಇನ್ನು ಎತ್ತರ. ಛಾವಣಿ ತುದಿಗೆ ಹಾಕಿಸಿದರೆ ಕಾಣುವುದು ರುಮಾಲು, ಟೋಪಿ. ಮುಖ ಬೇಕೆಂದರೆ ಬಾಗಿಲ ಹತ್ತಿರದ್ದು ಎಂಟು ಒಂಬತ್ತು ಅಡಿಗೆ ಇರಲಿ.

ನಾಲ್ಕನೆಯದು ಕೀಲಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಲೋಕದ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರುಗಳೊಳಗೆ ಹೊಕ್ಕಿತು. ಹೇಗೆ? ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಜನ ಹಾಗೇ ಬಿಟ್ಟಿದ್ದರು. ಆ ವರ್ಷದ ಅಕ್ಟೋಬರ್ 21ರಂದು ಆ ಯಂತ್ರಗಳನ್ನೇ ದಂಡು ಮಾಡಿಕೊಂಡು ನಡೆಸಿದ ದಾಳಿಗೆ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ತೊಡರಿದವು. ಮನೆ ಕಾಯಲು ತಂದದ್ದು ಪರರ ಸೈನ್ಯಕ್ಕೆ ಸೇರಿತ್ತು. ನಮ್ಮ ಕೇಂದ್ರ ಸರ್ಕಾರ ಸಿಸಿಟಿವಿಗಳಿಗೆ ಭದ್ರತಾ ಪರೀಕ್ಷೆಯ ನಿಯಮ ತಂದು, 2025ರ ಏಪ್ರಿಲ್‌ನಿಂದ ಜಾರಿ ಮಾಡಿದೆ. ಅಂಗಡಿಯಲ್ಲಿ ಆ ಪರೀಕ್ಷೆ ಪಾಸಾದ ಮಾಡೆಲ್ಲೇ ಕೇಳಿ. ತಂದ ದಿನವೇ ಪಾಸ್‌ವರ್ಡ್ ಬದಲಿಸಿ. ಕೂಡಿಸಿಕೊಟ್ಟ ಹುಡುಗನ ಫೋನಿನಲ್ಲಿ ನಿಮ್ಮ ಮನೆ ಖಾತೆ ಉಳಿಯದಂತೆ ನೋಡಿಕೊಳ್ಳಿ. ಇದರಲ್ಲಿ ಸಂಕೋಚ ಬೇಡ.

ಕೊನೆಯದು ನೆರೆಮನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಿಮ್ಮ ಕ್ಯಾಮೆರಾ ಪಕ್ಕದವರ ಬಚ್ಚಲ ಕಡೆ, ಹಿತ್ತಲ ಕಡೆ ತಿರುಗಬಾರದು. ಒಳಮನೆಯಲ್ಲೂ ಅಷ್ಟೇ. ಅವ್ವ ಅಪ್ಪನ ಮಲಗುವ ಜಾಗಕ್ಕೆ ಕ್ಯಾಮೆರಾ ಇಡುವ ಮೊದಲು ಅವರನ್ನು ಕೇಳಿ. ಮಗ ನೋಡ್ತಾನೆ ಅಂತ ಕೆಲವರಿಗೆ ಧೈರ್ಯ, ಕೆಲವರಿಗೆ ಮುಜುಗರ. ಎರಡೂ ಸರಿಯೇ.

ಮತ್ತೆ, ದೃಶ್ಯ ಸಿಕ್ಕಿತು ಅಂತ ಊರ ವಾಟ್ಸಾಪ್ ಗುಂಪಿಗೆ 'ಕಳ್ಳ' ಅಂತ ಬರೆದು ಹಾಕಬೇಡಿ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ದೇಶ ಸುತ್ತಿತಲ್ಲ, ಅದಕ್ಕೆ ಎಣ್ಣೆ ಸುರಿದದ್ದು ಒಂದು ತುಣುಕು ವಿಡಿಯೋ. ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆ ಮಾಡಿದ್ದ ಚಿತ್ರದ ಕೊನೆಯನ್ನು ಕತ್ತರಿಸಿ ಹಂಚಿದ್ದರು. ನೋಡಿದವರಿಗೆ ಸಿಸಿಟಿವಿ ದೃಶ್ಯದಂತೆಯೇ ಕಂಡಿತು. ಆ ವದಂತಿಯ ದಿನಗಳಲ್ಲೇ, ಜುಲೈ ತಿಂಗಳಲ್ಲಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗುಂಪಿನಲ್ಲಿದ್ದ ಹೈದರಾಬಾದಿನ ಎಂಜಿನಿಯರನ್ನು ಜನ ಬಡಿದು ಕೊಂದರು. ನನ್ನಂಥವನೇ, ಎಂಜಿನಿಯರ್. ಅವನು ಕಳ್ಳ ಆಗಿರಲಿಲ್ಲ. ತಳವಾರ ಹೆಜ್ಜೆ ಹಿಡಿದು ಹೋಗಿ ಎದುರು ಊರಿನವನನ್ನು ಕರೆದು, ತೋರಿಸಿ, ಒಪ್ಪಿಸುತ್ತಿದ್ದ. ನೀವು ದೃಶ್ಯವನ್ನು ಪೊಲೀಸ್ ಠಾಣೆಗೆ ಒಪ್ಪಿಸಿ.

ಇಷ್ಟೆಲ್ಲ ಆದ ಮೇಲೆ ಒಂದು ಖರ್ಚಿಲ್ಲದ ಕೆಲಸ ಉಳಿದಿದೆ. ಪುಣೆಯಲ್ಲಿ ಫೋನ್ ಬಡಿದುಕೊಂಡಾಗ ಅಲ್ಲಿಂದ ಯಾರೂ ಎದ್ದು ಬಂದು ಬಾಗಿಲು ನೋಡೋಕೆ ಆಗಲ್ಲ. ಬಾಜು ಮನೆಯ ಒಬ್ಬರು, ಓಣಿಯ ಒಬ್ಬ ಹುಡುಗ, ಇಬ್ಬರ ನಂಬರ್ ಬರೆದಿಟ್ಟುಕೊಳ್ಳಿ. ಊರಿಗೆ ಹೋದಾಗ ಅವರ ಮನೆಯಲ್ಲಿ ಕೂತು ಚಹಾ ಕುಡಿದು ಬನ್ನಿ. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಬೇಜಾರಿಲ್ಲದೆ ಎದ್ದು ಬ್ಯಾಟರಿ ಹಿಡಿದು ಹೋಗುವಷ್ಟು ಬಳಕೆ ಇರಲಿ. ಯಾವ ಕಂಪನಿ ಕ್ಯಾಮೆರಾ ಅನ್ನೋದನ್ನು ಆಮೇಲೆ ನೋಡೋಣ.